ಆಲ್ಪೋ-5: ನೀರಿನ ಲೆಕ್ಕ, ಆರು ಮೂಲೆಯ ಚೌಕಟ್ಟು

ಆಲ್ಪೋ-5 ಎಂಬ ರಂಧ್ರಮಯ ಅಲ್ಯುಮಿನಿಯಂ ಫಾಸ್ಫೇಟ್ ಹರಳು ತಯಾರಿಸುವ ಜೆಲ್‌ಗೆ ಸಾಮಾನ್ಯವಾಗಿ ಬಳಸುವ ಮೋಲ್ ಅನುಪಾತ: ಅಲ್ಯುಮಿನಾ 1, ಫಾಸ್ಫರಸ್ ಪೆಂಟಾಕ್ಸೈಡ್ 1, ಟ್ರೈಪ್ರೊಪೈಲಮೀನ್ (ರಂಧ್ರಗಳಿಗೆ ಅಚ್ಚಾಗುವ ಅಮೀನ್) 1, ನೀರು 40. ಎಡವುವುದು ನೀರಿನಲ್ಲಿ. 0.01 ಮೋಲ್ ಅಲ್ಯುಮಿನಾಕ್ಕೆ ಬೇಕಾದದ್ದು 7.2 ಗ್ರಾಂ ನೀರು, ಆದರೆ ಅಷ್ಟನ್ನೂ ಸುರಿಯುವಂತಿಲ್ಲ. 85% ಫಾಸ್ಫಾರಿಕ್ ಆಮ್ಲ 2.31 ಗ್ರಾಂ ಹಾಕಿದಾಗಲೇ 0.35 ಗ್ರಾಂ ನೀರು ಬಂದಿರುತ್ತದೆ. ಆಮ್ಲವನ್ನು ಆಕ್ಸೈಡ್ ಎಂದು ಎಣಿಸಿರುವುದರಿಂದ ಇನ್ನೊಂದು 0.54. ಸ್ಯೂಡೋಬೋಹ್ಮೈಟ್ (ನೀರು ಸೇರಿದ ಅಲ್ಯುಮಿನಾ ಪುಡಿ, 74% ಅಲ್ಯುಮಿನಾ) 1.38 ಗ್ರಾಂನಲ್ಲಿ 0.36. ಇವನ್ನು ಕಳೆದು ಹಾಕಬೇಕಾದ ನೀರು 5.95 ಗ್ರಾಂ, ಅಮೀನ್ 1.43 ಗ್ರಾಂ. ಡಬ್ಬದಿಂದ ಡಬ್ಬಕ್ಕೆ ಆ 74% ಬದಲಾಗುತ್ತದೆ. ಸ್ವಲ್ಪ ಪುಡಿ ಸುಟ್ಟು ತೂಕ ಎಷ್ಟು ಇಳಿಯಿತೆಂದು ಮೊದಲೇ ನೋಡಿಕೊಳ್ಳಿ.

ಆಮ್ಲಕ್ಕೆ ನೀರು ಬೆರೆಸಿ, ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ, ಗಂಟಿಲ್ಲದಂತೆ ಎರಡು ಗಂಟೆ ಕಲಕಿ. ಅಮೀನ್ ಹನಿಹನಿಯಾಗಿ ಕೊನೆಗೆ. ಇದು ನೀರಲ್ಲಿ ಸುಲಭವಾಗಿ ಬೆರೆಯದು. ಮೇಲೆ ಎಣ್ಣೆಯ ಪದರ ಕಾಣುತ್ತಿದ್ದರೆ ಇನ್ನೂ ಕಲಕಿ. ಆಟೋಕ್ಲೇವ್‌ನ (ಬಿಗಿ ಮುಚ್ಚಳದ ಉಕ್ಕಿನ ಪಾತ್ರೆ) 23 ಮಿ.ಲೀ. ಟೆಫ್ಲಾನ್ ಲೈನರ್ ಸುಮಾರು ಅರ್ಧ ತುಂಬುತ್ತದೆ, ಅದೇ ಸುರಕ್ಷಿತ. 150 ಡಿಗ್ರಿ ಸೆಲ್ಸಿಯಸ್, 24 ಗಂಟೆ. ಪೂರ್ತಿ ತಣ್ಣಗಾಗದೆ ತೆರೆಯಬೇಡಿ. ಬಿಸಿ ಅತಿಯಾದರೆ ಅಥವಾ ಬಹಳ ದಿನ ಬಿಟ್ಟರೆ ಕ್ರಿಸ್ಟೋಬಲೈಟ್, ಟ್ರಿಡಿಮೈಟ್ (ಸಿಲಿಕಾದ ದಟ್ಟ ಹರಳು ರೂಪಗಳು) ಮಾದರಿಯ ರಂಧ್ರವಿಲ್ಲದ ಅಲ್ಯುಮಿನಿಯಂ ಫಾಸ್ಫೇಟ್ ಸಿಗುತ್ತದೆ.

ಎಕ್ಸ್-ರೇ ಚಿತ್ರದಲ್ಲಿ ಮೊದಲು ನೋಡಬೇಕಾದ್ದು 7.4 ಡಿಗ್ರಿಯ ಶೃಂಗ (ತಾಮ್ರದ ಕಿರಣ). ಷಟ್ಕೋನ ಕೋಶದ ಬದಿ ಸುಮಾರು 13.7 ಆಂಗ್‌ಸ್ಟ್ರಾಂ, ಅದರಿಂದ (100) ಎಂದು ಗುರುತಿಸುವ ಹರಳಿನ ತಲಗಳ ಅಂತರ 11.9 ಬರುತ್ತದೆ, ಶೃಂಗ ಅಲ್ಲೇ ಬೀಳಬೇಕು. ಬರೀ 21–22 ಡಿಗ್ರಿಯ ಶೃಂಗ ನೋಡಿ ತೀರ್ಮಾನಿಸಿದರೆ ಮೋಸ ಹೋಗುತ್ತೀರಿ, ದಟ್ಟ ರೂಪಗಳದ್ದೂ ಅಲ್ಲೇ ಇದೆ.

ಚೌಕಟ್ಟಿನಲ್ಲಿ ಅಲ್ಯುಮಿನಿಯಂ, ಫಾಸ್ಫರಸ್ ಚತುರ್ಮುಖಿಗಳು ಒಂದು ಬಿಟ್ಟು ಒಂದು ಬರುತ್ತವೆ. ಹಾಗಾಗಿ ಅವು ಸೇರಿ ಆಗುವ ಉಂಗುರಗಳೆಲ್ಲ ಸಮಸಂಖ್ಯೆಯ ಚತುರ್ಮುಖಿಗಳವು: 4, 6, 12. ಐದರ ಉಂಗುರವಾದರೆ ಒಂದೇ ಜಾತಿಯ ಎರಡು ಅಕ್ಕಪಕ್ಕ ಕೂರಬೇಕಾಗುತ್ತದೆ. ಐದರ ಉಂಗುರಗಳಿಂದಲೇ ಕಟ್ಟಿದ, ಸಿಲಿಕಾ ಆಧಾರಿತ ಜಿಯೋಲೈಟ್ ಆದ ಝಡ್‌ಎಸ್‌ಎಂ-5ಕ್ಕೆ ಆಲ್ಪೋ ಜೋಡಿ ಇಲ್ಲದ್ದು ಇದೇ ಕಾರಣಕ್ಕೆ. ಹನ್ನೆರಡರ ಉಂಗುರಗಳು ಒಂದರ ಮೇಲೊಂದು ಕೂತು 7.3 ಆಂಗ್‌ಸ್ಟ್ರಾಂ ಅಗಲದ ನೇರ ಸುರಂಗವಾಗುತ್ತದೆ.

ಚೌಕಟ್ಟಿಗೆ ವಿದ್ಯುದಂಶವಿಲ್ಲದ ಕಾರಣ ಒಳಗಿನ ಅಮೀನನ್ನು ಗಾಳಿಯಲ್ಲಿ 550 ಡಿಗ್ರಿಯಲ್ಲಿ ಸುಡಬಹುದು, ಏರಿಕೆ ನಿಮಿಷಕ್ಕೆ ಒಂದು ಡಿಗ್ರಿ. ಆತುರಪಟ್ಟರೆ ಪುಡಿ ಕಪ್ಪಾಗುತ್ತದೆ: ಇಂಗಾಲ ಸುರಂಗದಲ್ಲೇ ಉಳಿದಿದೆ. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್, ಎಸ್. ನಟರಾಜನ್ ಮೊದಲಾದವರು ತಯಾರಿಸಿದ ಸತು ಫಾಸ್ಫೇಟ್‌ಗಳಿಗೆ ಈ ಉಪಾಯ ಒಗ್ಗದು. ಅಲ್ಲಿ ಚೌಕಟ್ಟು ಋಣ, ಅಮೀನ್ ಧನ ಅಯಾನು. ಹೈಡ್ರೋಜನ್ ಬಂಧಗಳಿಂದ ಗೋಡೆಯನ್ನು ಹಿಡಿದು ನಿಲ್ಲಿಸಿರುವುದೂ ಅದೇ. ಸುಟ್ಟರೆ ಬಹುತೇಕ ಚೌಕಟ್ಟೇ ಕುಸಿಯುತ್ತದೆ.