ರೀಕಾಲ್‌ಗೆಂದು ಬಿಟ್ಟ ಕಾರಿಗೆ ಶೋರೂಮ್ ಬಿಲ್ ಹಾಕಿದರೆ ಪ್ರಶ್ನಿಸುವುದು ಹೇಗೆ?

ಪ್ರಶ್ನೆ: ನಾನು ಕುಂದಾಪುರದವನು. ನನ್ನ ಹನ್ನೊಂದು ವರ್ಷ ಹಳೆಯ ಕಾರಿನಲ್ಲಿ ಚಾಲಕನ ಬದಿಯ ಏರ್‌ಬ್ಯಾಗ್ ಇನ್‌ಫ್ಲೇಟರನ್ನು (ಏರ್‌ಬ್ಯಾಗ್ ಉಬ್ಬಿಸುವ ಭಾಗವನ್ನು) ಉಚಿತವಾಗಿ ಬದಲಿಸಿಕೊಡುವುದಾಗಿ ಕಂಪನಿಯಿಂದ ರೀಕಾಲ್ ಪತ್ರ, ಅಂದರೆ ದೋಷವಿರುವ ಕಾರುಗಳನ್ನು ಹಿಂದಕ್ಕೆ ಕರೆದು ಸರಿಪಡಿಸುವ ಸೂಚನೆ, ಬಂದಿತ್ತು. ಮಂಗಳೂರಿನ ಶೋರೂಮ್‌ನಲ್ಲಿ ಬೆಳಿಗ್ಗೆ ಕಾರು ಬಿಟ್ಟೆ. ಮಧ್ಯಾಹ್ನ ಫೋನ್ ಮಾಡಿ, ‘ಕ್ಲಾಕ್ ಸ್ಪ್ರಿಂಗ್ ಹೋಗಿತ್ತು, ಹೊಸದು ಹಾಕಿದ್ದೇವೆ’ ಎಂದರು. ಸಂಜೆ 12,980 ರೂಪಾಯಿಯ ಬಿಲ್ ಕೊಟ್ಟು, ಹಣ ಕಟ್ಟದೆ ಗೇಟ್ ಪಾಸ್ ಸಿಗುವುದಿಲ್ಲ ಎಂದರು. ಬೇರೆ ದಾರಿ ಕಾಣದೆ ಕಟ್ಟಿ ಬಂದೆ. ರೀಕಾಲ್ ಎಂದರೆ ಉಚಿತ ತಾನೇ? ಈ ಹಣವನ್ನು ವಾಪಸ್ ಕೇಳಬಹುದೇ?

ಉತ್ತರ: ಕೇಳಬಹುದು. ಆದರೆ ‘ರೀಕಾಲ್ ಉಚಿತ, ಆದ್ದರಿಂದ ಇಡೀ ಬಿಲ್ ತಪ್ಪು’ ಎಂದು ವಾದಿಸಿದರೆ ಸೋಲುವ ಸಾಧ್ಯತೆಯೇ ಹೆಚ್ಚು, ಏಕೆಂದರೆ ಶೋರೂಮ್‌ನವರು ಏರ್‌ಬ್ಯಾಗ್‌ಗೆ ಒಂದು ಪೈಸೆಯನ್ನೂ ಹಾಕಿಲ್ಲವೆಂದು ಬಿಲ್ಲನ್ನೇ ಮುಂದಿಡುತ್ತಾರೆ, ಅದು ನಿಜವೂ ಆಗಿರುತ್ತದೆ. ಇಂಥ ಜಗಳವನ್ನು ಬಿಲ್ಲಿನ ಒಂದೊಂದು ಸಾಲನ್ನು ಹಿಡಿದು ಆಡಬೇಕು. ಈ ಕೆಲಸ ರೀಕಾಲ್ ಮುಗಿಸಲು ಅಗತ್ಯವಾಗಿತ್ತೇ, ರೀಕಾಲ್ ಕೆಲಸದ ನಡುವೆ ಅವರ ಕೈಯಿಂದಲೇ ಆದ ಹಾನಿಯೇ, ಇವೆರಡೂ ಅಲ್ಲವಾದರೆ ನಾನು ಮುಂಚಿತವಾಗಿ ಒಪ್ಪಿದ್ದೆನೇ ಎಂದು ಪ್ರತಿ ಸಾಲಿಗೂ ಕೇಳಬೇಕು. ಮೊದಲ ಎರಡರಲ್ಲಿ ಒಂದಕ್ಕೆ ‘ಹೌದು’ ಎಂಬ ಉತ್ತರ ಬಂದರೂ, ಮೂರನೆಯದಕ್ಕೆ ‘ಇಲ್ಲ’ ಎಂಬ ಉತ್ತರ ಬಂದರೂ ಆ ಸಾಲಿನ ಹಣವನ್ನು ಹಿಂದಕ್ಕೆ ಕೇಳುವ ನೆಲೆ ನಿಮಗಿದೆ.

ನೀವು ಕಳಿಸಿದ ಬಿಲ್ಲಿನಲ್ಲಿ ಕ್ಲಾಕ್ ಸ್ಪ್ರಿಂಗ್‌ಗೆ 8,400, ಅದರ ಮಜೂರಿ 1,250, ಸ್ಕ್ಯಾನಿಂಗ್‌ಗೆ 750, ವಾಷಿಂಗ್ ಮತ್ತು ಕನ್ಸ್ಯೂಮಬಲ್ಸ್ ಎಂದು 600, ಒಟ್ಟು 11,000 ರೂಪಾಯಿ; ಅದರ ಮೇಲೆ ಶೇ. 18ರ ಜಿಎಸ್‌ಟಿ 1,980. ಇವುಗಳಲ್ಲಿ ಸ್ಕ್ಯಾನಿಂಗ್ ಬಗ್ಗೆ ಹೆಚ್ಚು ಚರ್ಚೆ ಬೇಕಿಲ್ಲ. ಏರ್‌ಬ್ಯಾಗ್ ಬಿಚ್ಚಿ ಜೋಡಿಸಿದ ಮೇಲೆ ವ್ಯವಸ್ಥೆ ಸರಿಯಾಗಿದೆಯೆಂದು ಸ್ಕ್ಯಾನರ್ ಹಾಕಿ ನೋಡುವುದು ರೀಕಾಲ್ ಕೆಲಸದ್ದೇ ಕೊನೆಯ ಹಂತ, ಅದಕ್ಕೆ ಬೇರೆ ದರ ಹಾಕುವಂತಿಲ್ಲ. ವಾಷಿಂಗನ್ನು ನೀವು ಕೇಳಿರದಿದ್ದರೆ ಅದೂ ನಿಲ್ಲುವುದಿಲ್ಲ. ಉಳಿಯುವುದು ಕ್ಲಾಕ್ ಸ್ಪ್ರಿಂಗ್, ನಿಜವಾದ ವಿವಾದ ಅದರದ್ದೇ.

ಸ್ಟೀರಿಂಗ್ ಚಕ್ರದ ಹಿಂದೆ, ಒಂದು ಪ್ಲಾಸ್ಟಿಕ್ ಡಬ್ಬಿಯೊಳಗೆ ಸುರುಳಿ ಸುತ್ತಿದ ತೆಳುವಾದ ರಿಬ್ಬನ್ ಕೇಬಲ್ ಇರುತ್ತದೆ. ಚಕ್ರ ಎಡಕ್ಕೂ ಬಲಕ್ಕೂ ಸುತ್ತುವಾಗ ಈ ಸುರುಳಿ ಬಿಗಿಯಾಗುತ್ತಾ ಸಡಿಲವಾಗುತ್ತಾ ಏರ್‌ಬ್ಯಾಗ್‌ಗೆ, ಹಾರ್ನ್‌ಗೆ, ಚಕ್ರದ ಮೇಲಿನ ಗುಂಡಿಗಳಿಗೆ ವಿದ್ಯುತ್ ಸಂಪರ್ಕವನ್ನು ಕಡಿಯದೆ ಉಳಿಸುತ್ತದೆ. ಇದೇ ಕ್ಲಾಕ್ ಸ್ಪ್ರಿಂಗ್. ಹತ್ತಾರು ವರ್ಷ ಓಡಿದ ಕಾರಿನಲ್ಲಿ ಇದು ತಾನಾಗಿಯೇ ಸವೆದು ತುಂಡಾಗುವುದುಂಟು. ಹಾಗಾಗಿ ಶೋರೂಮ್‌ನವರು ಹೇಳಿದ್ದು ಸುಳ್ಳೇ ಎಂದು ಮೊದಲೇ ತೀರ್ಮಾನಿಸುವಂತಿಲ್ಲ.

ಆದರೆ ಚಾಲಕನ ಏರ್‌ಬ್ಯಾಗ್ ಬದಲಿಸಲು ಸಾಮಾನ್ಯವಾಗಿ ಸ್ಟೀರಿಂಗ್ ಚಕ್ರವನ್ನು ಕಳಚಬೇಕಾಗಿಲ್ಲ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು, ಉಳಿದ ವಿದ್ಯುತ್ ಇಳಿಯಲು ಕೆಲವು ನಿಮಿಷ ಕಾದು, ಚಕ್ರದ ನಡುವಿನ ಏರ್‌ಬ್ಯಾಗ್ ಘಟಕವನ್ನು ಹೊರಗೆಳೆದು, ಹಳದಿ ಬಣ್ಣದ ಕನೆಕ್ಟರ್ ಬಿಡಿಸಿದರೆ ಘಟಕ ಕೈಗೆ ಬರುತ್ತದೆ. ಕನೆಕ್ಟರ್ ಬಿಟ್ಟಿರುವಾಗಲೇ ಯಾರಾದರೂ ಬ್ಯಾಟರಿ ಜೋಡಿಸಿ ಇಗ್ನಿಷನ್ ಆನ್ ಮಾಡಿದರೆ, ‘ಚಾಲಕನ ಏರ್‌ಬ್ಯಾಗ್ ಸರ್ಕ್ಯೂಟ್ ತೆರೆದಿದೆ’ ಎಂಬ ದೋಷ ಏರ್‌ಬ್ಯಾಗ್ ಕಂಟ್ರೋಲರ್‌ನಲ್ಲಿ (ಏರ್‌ಬ್ಯಾಗನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಘಟಕದಲ್ಲಿ) ದಾಖಲಾಗಿ, ಮೀಟರ್‌ನಲ್ಲಿ ಕೆಂಪು ದೀಪ ಉರಿಯುತ್ತದೆ. ಕ್ಲಾಕ್ ಸ್ಪ್ರಿಂಗ್ ತುಂಡಾಗಿದ್ದರೂ ಅದೇ ಬಗೆಯ ದೋಷವೇ ಕಾಣಿಸುತ್ತದೆ. ಕನೆಕ್ಟರ್ ಸರಿಯಾಗಿ ಕೂರದಿದ್ದರೂ ಅಷ್ಟೇ. ಎಂದರೆ ಸ್ಕ್ಯಾನರ್ ತೋರಿಸುವ ಕೋಡ್ ದಾರಿಯಲ್ಲಿ ಎಲ್ಲೋ ಕಡಿತವಿದೆ ಎಂದಷ್ಟೇ ಹೇಳುತ್ತದೆ, ಕಡಿತ ಕ್ಲಾಕ್ ಸ್ಪ್ರಿಂಗ್‌ನಲ್ಲೇ ಇದೆ ಎಂದು ಹೇಳುವುದಿಲ್ಲ. ಆದ್ದರಿಂದ ಶೋರೂಮ್‌ಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ, ‘ದೋಷ ಕ್ಲಾಕ್ ಸ್ಪ್ರಿಂಗ್‌ನದ್ದೇ ಎಂದು ಯಾವ ಪರೀಕ್ಷೆಯಿಂದ ತಿಳಿದಿರಿ?’ ಎಂಬುದು. ಎರಡನೆಯದು, ‘ಕೆಲಸ ಶುರು ಮಾಡುವ ಮುಂಚಿನ ಸ್ಕ್ಯಾನ್ ವರದಿ ಎಲ್ಲಿ?’ ಎಂಬುದು.

ಅವರ ಕೈ ಮುಟ್ಟುವ ಮೊದಲೇ ಭಾಗ ಹಾಳಾಗಿತ್ತೇ ಎಂಬುದಕ್ಕೆ ನಿಮ್ಮ ಬಳಿಯೂ ಸಾಕ್ಷ್ಯವಿರಬಹುದು. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಉರಿದು ಆರಿದರೆ ವ್ಯವಸ್ಥೆ ಸರಿಯಿದೆ ಎಂದರ್ಥ. ಆರದೆ ಉಳಿದರೆ ದೋಷವಿದೆ ಎಂದರ್ಥ. ಕಾರು ಬಿಡುವಾಗ ಓಡೋಮೀಟರ್‌ನ ಅಂಕಿಗಾಗಿ ಸರ್ವಿಸ್ ಅಡ್ವೈಸರ್ ಮೀಟರ್‌ನ ಫೋಟೊ ತೆಗೆದುಕೊಂಡಿರಬಹುದು, ಅದರಲ್ಲಿ ಈ ದೀಪವೂ ಸೆರೆಯಾಗಿರಬಹುದು. ಆ ಫೋಟೊವನ್ನು ಇಮೇಲ್‌ನಲ್ಲಿ ಕೇಳಿ. ಇನ್ನೊಂದು ಕಡೆ, ತಿಂಗಳುಗಳಿಂದ ನಿಮ್ಮ ಹಾರ್ನ್ ಒಮ್ಮೆ ಕೂಗಿ ಒಮ್ಮೆ ಕೂಗದೆ ಸತಾಯಿಸುತ್ತಿದ್ದುದು ಹೌದಾದರೆ, ಅದನ್ನು ಮುಚ್ಚಿಡದೆ ಒಪ್ಪಿಕೊಳ್ಳಿ, ಏಕೆಂದರೆ ಅದು ಕ್ಲಾಕ್ ಸ್ಪ್ರಿಂಗ್ ಸವೆದುದರ ಹಳೆಯ ಲಕ್ಷಣ. ಆಗ ನಿಮ್ಮ ವಾದ ‘ಹಾಳು ಮಾಡಿದರು’ ಎಂಬುದರಿಂದ ‘ಕೇಳದೆ ಹಾಕಿದರು’ ಎಂಬುದಕ್ಕೆ ಇಳಿಯುತ್ತದೆ. ಅದೂ ದುರ್ಬಲವಾದ ವಾದವೇನಲ್ಲ.

ಕೇಳದೆ ಹಾಕಿದ್ದಕ್ಕೆ ಆಧಾರ ಜಾಬ್ ಕಾರ್ಡ್. ಬೆಳಿಗ್ಗೆ ನೀವು ಸಹಿ ಹಾಕಿದ ಆ ಹಾಳೆಯಲ್ಲಿ ‘ಏರ್‌ಬ್ಯಾಗ್ ರೀಕಾಲ್’ ಎಂದಷ್ಟೇ ಇದ್ದು, ಎಸ್ಟಿಮೇಟ್ ಕಲಂನಲ್ಲಿ ಸೊನ್ನೆಯಿದ್ದರೆ, ನೀವು ಒಪ್ಪಿದ ಕೆಲಸ ಅಷ್ಟೇ. ನಂತರ ಬಂದ ಫೋನ್‌ನಲ್ಲಿ ಅವರು ಹೇಳಿದ ಮಾತನ್ನೂ ಗಮನಿಸಿ: ‘ಹಾಕಬೇಕು, ಹಾಕಲೇ?’ ಎಂದು ಅವರು ಕೇಳಲಿಲ್ಲ, ‘ಹಾಕಿದ್ದೇವೆ’ ಎಂದರು. ಈ ಎರಡು ಮಾತುಗಳ ನಡುವಿನ ಅಂತರದಲ್ಲೇ ನಿಮ್ಮ ಪ್ರಕರಣ ನಿಂತಿದೆ. ಜಾಬ್ ಕಾರ್ಡ್‌ನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ‘ಅಗತ್ಯ ಕಂಡ ಇತರ ಕೆಲಸಗಳಿಗೂ ಒಪ್ಪಿಗೆಯಿದೆ’ ಎಂಬ ಅರ್ಥದ ಷರತ್ತು ಅಚ್ಚಾಗಿದೆಯೇ ಎಂದೂ ನೋಡಿಕೊಳ್ಳಿ. ನಾನೇ ಒಮ್ಮೆ ಅಂಥ ಷರತ್ತಿನ ಕೆಳಗೆ, ಕೌಂಟರ್‌ನಲ್ಲಿ ಹಿಂದೆ ಜನ ನಿಂತಿದ್ದಾರೆಂಬ ಸಂಕೋಚಕ್ಕೆ, ಓದದೆ ಸಹಿ ಹಾಕಿ ಬಂದಿದ್ದೇನೆ.

ಇನ್ನು ‘ಉಚಿತ’ ಎಂಬುದು ಎಲ್ಲಿಂದ ಬಂತು ಎಂಬುದನ್ನೂ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ನಿಮ್ಮಂಥ ಹಳೆಯ ಕಾರುಗಳ ಇನ್‌ಫ್ಲೇಟರ್ ರೀಕಾಲ್‌ಗಳ ಮೂಲ ಬಹುಪಾಲು ಜಪಾನಿನ ಟಕಾಟಾ ಕಂಪನಿಯ ಉತ್ಪನ್ನ. ಏರ್‌ಬ್ಯಾಗನ್ನು ಉಬ್ಬಿಸಲು ಅದು ಅಮೋನಿಯಂ ನೈಟ್ರೇಟ್ ಬಳಸಿತ್ತು. ವರ್ಷಗಟ್ಟಲೆ ಬಿಸಿಲು ಮತ್ತು ತೇವಾಂಶಕ್ಕೆ ಒಡ್ಡಿಕೊಂಡಾಗ ಈ ರಾಸಾಯನಿಕ ಕೆಟ್ಟು, ಅಪಘಾತದ ಹೊತ್ತಿನಲ್ಲಿ ಅತಿವೇಗದಿಂದ ಉರಿದು, ಲೋಹದ ಕವಚವನ್ನೇ ಸೀಳಿ ಚೂರುಗಳನ್ನು ಪ್ರಯಾಣಿಕರ ಮೈಗೆ ಎರಚುತ್ತಿತ್ತು. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳನ್ನು ಹಿಂದಕ್ಕೆ ಕರೆಯಲಾಯಿತು, 2017ರ ಜೂನ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಹತ್ತಕ್ಕೂ ಹೆಚ್ಚು ಕಾರು ತಯಾರಕರು ಈ ಭಾಗವನ್ನು ಬಳಸಿದ್ದರು. ಅಮೆರಿಕದಲ್ಲಿ ಫ್ಲೋರಿಡಾದಂಥ ಸೆಕೆಯ ಕರಾವಳಿ ರಾಜ್ಯಗಳ ಕಾರುಗಳಿಗೆ ಮೊದಲ ಆದ್ಯತೆ ಕೊಟ್ಟಿದ್ದರು. ನಮ್ಮ ಕಾರವಾರದಿಂದ ಮಂಗಳೂರಿನವರೆಗಿನ ಸೆಕೆ ಬಲ್ಲವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಭಾರತದಲ್ಲಿ ರೀಕಾಲ್‌ಗೆ 2012ರಿಂದ ವಾಹನ ತಯಾರಕರ ಒಕ್ಕೂಟದ ಸ್ವಯಂಪ್ರೇರಿತ ನಿಯಮಾವಳಿಯಷ್ಟೇ ಇತ್ತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 110ಎ ಸೆಕ್ಷನ್ ಸೇರಿ, ಸುರಕ್ಷತೆಗೆ ಧಕ್ಕೆ ತರುವ ದೋಷವಿದ್ದರೆ ವಾಹನಗಳನ್ನು ಹಿಂದಕ್ಕೆ ಕರೆಯುವಂತೆ ಕೇಂದ್ರ ಸರ್ಕಾರವೇ ಆದೇಶಿಸುವ ಅಧಿಕಾರ ಬಂತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಆದರೆ ಆ ನಿಯಮಗಳ ವ್ಯಾಪ್ತಿ ಏಳು ವರ್ಷದೊಳಗಿನ ವಾಹನಗಳಿಗೆ. ನಿಮ್ಮ ಕಾರಿನ ಮಟ್ಟಿಗೆ ಬಲವಾದ ಆಧಾರ ಕಂಪನಿ ಕಳಿಸಿದ ಪತ್ರವೇ: ‘ಉಚಿತವಾಗಿ ಬದಲಿಸಿಕೊಡುತ್ತೇವೆ’ ಎಂದು ಬರೆದುಕೊಟ್ಟ ಮಾತಿಗೆ ತಪ್ಪಿದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಸೇವಾ ನ್ಯೂನತೆ ಎಂದು ವಾದಿಸಬಹುದು. ಪತ್ರದಲ್ಲಿ ಯಾವ ಭಾಗದ ಹೆಸರಿದೆ ಎಂಬುದೂ ಮುಖ್ಯ. ಎಲ್ಲ ಏರ್‌ಬ್ಯಾಗ್ ರೀಕಾಲ್‌ಗಳೂ ಒಂದೇ ಅಲ್ಲ. 2023ರ ಜನವರಿಯಲ್ಲಿ ಮಾರುತಿ ಸುಜುಕಿ 17,362 ಕಾರುಗಳನ್ನು ಹಿಂದಕ್ಕೆ ಕರೆದದ್ದು ಏರ್‌ಬ್ಯಾಗ್ ಕಂಟ್ರೋಲರ್‌ಗಾಗಿ, ಇನ್‌ಫ್ಲೇಟರ್‌ಗಾಗಿ ಅಲ್ಲ.

ಗೇಟ್ ಪಾಸ್ ವಿಷಯಕ್ಕೆ ಬರೋಣ. ಭಾರತೀಯ ಕರಾರು ಕಾಯ್ದೆ, 1872ರ 170ನೇ ಸೆಕ್ಷನ್ ಪ್ರಕಾರ, ಒಪ್ಪಿಸಿದ ವಸ್ತುವಿನ ಮೇಲೆ ಒಪ್ಪಿಸಿದ ಉದ್ದೇಶಕ್ಕೆ ತಕ್ಕಂತೆ ಶ್ರಮ ಅಥವಾ ಕುಶಲತೆ ಬಳಸಿ ಕೆಲಸ ಮಾಡಿದವನು ತನ್ನ ಕೂಲಿ ಸಿಗುವವರೆಗೆ ಆ ವಸ್ತುವನ್ನು ಇಟ್ಟುಕೊಳ್ಳಬಹುದು. ಗ್ಯಾರೇಜಿಗೂ ಈ ಹಕ್ಕಿದೆ. ಆದರೆ ನೀವು ಕಾರು ಒಪ್ಪಿಸಿದ ಉದ್ದೇಶ ಉಚಿತ ರೀಕಾಲ್ ಆಗಿದ್ದರೆ, ಒಪ್ಪಿಗೆಯಿಲ್ಲದ ಕೆಲಸಕ್ಕಾಗಿ ಕಾರು ಹಿಡಿದಿಟ್ಟದ್ದು ಈ ಸೆಕ್ಷನ್‌ನ ಆಸರೆಗೆ ಬರುವುದು ಕಷ್ಟ. ಅದೇ ಕಾಯ್ದೆಯ 151ನೇ ಸೆಕ್ಷನ್, ವಶದಲ್ಲಿರುವ ವಸ್ತುವನ್ನು ಸಾಮಾನ್ಯ ವಿವೇಕವುಳ್ಳವನು ತನ್ನ ವಸ್ತುವನ್ನು ನೋಡಿಕೊಳ್ಳುವಷ್ಟೇ ಜಾಗ್ರತೆಯಿಂದ ನೋಡಿಕೊಳ್ಳಬೇಕೆನ್ನುತ್ತದೆ. ಸರಿಯಾಗಿ ಬಂದ ಕಾರು ಅವರ ವಶದಲ್ಲಿದ್ದಾಗ ಕೆಟ್ಟಿದ್ದರೆ, ಹೇಗೆ ಕೆಟ್ಟಿತೆಂದು ವಿವರಿಸಬೇಕಾದವರು ಅವರೇ.

ಇಷ್ಟೆಲ್ಲ ಇದ್ದರೂ ಅಂದು ಸಂಜೆ ನೀವು ಹಣ ಕಟ್ಟಿ ಕಾರು ಬಿಡಿಸಿಕೊಂಡದ್ದು ತಪ್ಪಲ್ಲ. ಜಗಳವಾಡಿ ಕಾರು ಅಲ್ಲೇ ಬಿಟ್ಟು ಬಂದಿದ್ದರೆ ದಿನದ ಲೆಕ್ಕದಲ್ಲಿ ಪಾರ್ಕಿಂಗ್ ಶುಲ್ಕವೆಂಬ ಇನ್ನೊಂದು ಸಾಲು ಸೇರುತ್ತಿತ್ತು. ಈ ಸ್ಥಿತಿಯಲ್ಲಿ ಮುಂದೆ ಸಿಲುಕುವವರು ನಗದು ಕೊಡದೆ ಕಾರ್ಡ್ ಅಥವಾ ಯುಪಿಐ ಮೂಲಕ ಕಟ್ಟಿ, ಬಿಲ್ಲಿನ ಎರಡೂ ಪ್ರತಿಗಳ ಮೇಲೆ ‘ಕ್ಲಾಕ್ ಸ್ಪ್ರಿಂಗ್ ಕೆಲಸಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ; ಕಾರು ಬಿಡಿಸಿಕೊಳ್ಳಲು ಮಾತ್ರ, ನನ್ನ ಆಕ್ಷೇಪಣೆಗೆ ಒಳಪಟ್ಟು ಈ ಹಣ ಪಾವತಿಸಿದ್ದೇನೆ’ ಎಂದು ಬರೆದು ಸಹಿ ಹಾಕಬೇಕು. ಬರೆಯಲು ಬಿಡದಿದ್ದರೆ ಗೇಟ್ ದಾಟಿದ ಕೂಡಲೇ ಅದೇ ವಾಕ್ಯವನ್ನು ಸರ್ವಿಸ್ ಮ್ಯಾನೇಜರ್‌ಗೆ ಇಮೇಲ್ ಮಾಡಬೇಕು. ನೀವು ಬರೆಯದೆ ಬಂದಿರುವಿರಿ. ಹಾಗೆಂದು ಹಕ್ಕು ಹೋಗುವುದಿಲ್ಲ, ಆದರೆ ಇನ್ನು ತಡ ಮಾಡಿದಷ್ಟೂ ‘ಒಪ್ಪಿಯೇ ಕಟ್ಟಿದ್ದರು’ ಎಂಬ ಅವರ ಮಾತಿಗೆ ತೂಕ ಬರುತ್ತದೆ.

ಈಗ ಮಾಡಬೇಕಾದ ಮೊದಲ ಕೆಲಸ ಒಂದೇ ಪತ್ರವನ್ನು ಇಬ್ಬರಿಗೆ ಕಳಿಸುವುದು: ಒಂದು ಶೋರೂಮ್‌ಗೆ, ಇನ್ನೊಂದು ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೆ. ಇವೆರಡೂ ಬೇರೆ ಬೇರೆ ಸಂಸ್ಥೆಗಳು. ರೀಕಾಲ್‌ನ ಬಿಡಿಭಾಗ ಮತ್ತು ಮಜೂರಿಯನ್ನು ಕಂಪನಿ ಡೀಲರ್‌ಗೆ ತುಂಬಿಕೊಡುತ್ತದೆ. ಕೆಲಸದ ನಡುವೆ ತಂತ್ರಜ್ಞನ ಕೈಯಲ್ಲಿ ಮುರಿದ ಭಾಗವನ್ನು ಕಂಪನಿಯಿಂದ ವಸೂಲು ಮಾಡುವುದು ಡೀಲರ್‌ಗೆ ಸುಲಭವಲ್ಲದ್ದರಿಂದ, ಆ ಹೊರೆ ಗ್ರಾಹಕನ ಕಡೆಗೆ ಜಾರುವ ಅಪಾಯ ಇಲ್ಲಿಯೇ ಇದೆ. ಪತ್ರದಲ್ಲಿ ಕಾರಿನ 17 ಅಕ್ಷರ-ಅಂಕಿಗಳ ಚಾಸಿ ಸಂಖ್ಯೆ, ಜಾಬ್ ಕಾರ್ಡ್ ಸಂಖ್ಯೆ, ಆಕ್ಷೇಪವಿರುವ ಸಾಲುಗಳು ಮತ್ತು ಮೊತ್ತ, ಬೇಕಾದ ದಾಖಲೆಗಳು, ಉತ್ತರಕ್ಕೆ 15 ದಿನದ ಗಡುವು ಇಷ್ಟಿದ್ದರೆ ಸಾಕು. ಬೈಗುಳಕ್ಕೆ ಜಾಗ ಬೇಡ. ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಅದಕ್ಕೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಕಂಪನಿಗೆ ದೂರು ದಾಟಿಸಿ ರಾಜಿಗೆ ಯತ್ನಿಸುತ್ತದೆ ಅಷ್ಟೆ. ಆದರೂ ಹತ್ತು ಹದಿನೈದು ಸಾವಿರದ ವಿವಾದ ಆ ಹಂತದಲ್ಲೇ ಮುಗಿದರೆ ಎಲ್ಲರಿಗೂ ಲಾಭ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಶೋರೂಮ್ ಮಂಗಳೂರಿನಲ್ಲಿದೆ ಎಂದು ನೀವು ಅಲ್ಲಿಗೆ ಅಲೆಯಬೇಕಿಲ್ಲ. 2019ರ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ದೂರುದಾರ ವಾಸವಿರುವ ಜಿಲ್ಲೆಯಲ್ಲೇ, ಅಂದರೆ ಉಡುಪಿಯಲ್ಲೇ, ದೂರು ಕೊಡಬಹುದು. ನೀಡಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳುವುದು ಕಡ್ಡಾಯವಲ್ಲ, ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ‘ರೀಕಾಲ್ ಉಚಿತ ಸೇವೆ, ಹಣ ಕೊಡದವರು ಗ್ರಾಹಕರೇ ಅಲ್ಲ’ ಎಂಬ ತಕರಾರು ಬಂದರೆ, ನೀವು ಪ್ರಶ್ನಿಸುತ್ತಿರುವುದು ಹಣ ಕೊಟ್ಟು ಪಡೆದ ಕೆಲಸವನ್ನೇ ಎಂದು ಬಿಲ್ ತೋರಿಸಿ. ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡವರಿಗೂ ಈ ಉತ್ತರ ಸಾಲುತ್ತದೆ. ತೀರ್ಪು ಮೂರು ತಿಂಗಳಲ್ಲಿ ಬರಬೇಕೆಂದು ಕಾಯ್ದೆ ಹೇಳಿದರೂ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆಂದು ಭಾವಿಸಿಯೇ ಹೊರಡಿ. ದೂರು ಕೊಡಲು ಎರಡು ವರ್ಷಗಳ ಕಾಲಾವಕಾಶವಿದೆ.

ಕೊನೆಯದಾಗಿ, ತೆಗೆದ ಹಳೆಯ ಕ್ಲಾಕ್ ಸ್ಪ್ರಿಂಗನ್ನು ನಾಳೆಯೇ ಕೇಳಿ ಪಡೆಯಿರಿ. ಹಳೆಯ ಇನ್‌ಫ್ಲೇಟರನ್ನು ಕೇಳಬೇಡಿ. ಅದು ಸ್ಫೋಟಕ ತುಂಬಿದ ವಸ್ತು, ಕಂಪನಿಗೆ ಹಿಂದಿರುಗಬೇಕಾದದ್ದು. ಕ್ಲಾಕ್ ಸ್ಪ್ರಿಂಗ್‌ಗೆ ಮಾತ್ರ ನೀವು 8,400 ರೂಪಾಯಿ ಕೊಟ್ಟಿದ್ದೀರಿ, ಅದರ ಹಳೆಯ ತುಂಡು ನಿಮ್ಮದು. ಅದು ಗುಜರಿಗೆ ಹೋಗಿದೆ ಎಂದರೆ ಆ ಮಾತನ್ನೇ ಬರಹದಲ್ಲಿ ಕೇಳಿ. ಸಿಕ್ಕರೆ ಬಿಚ್ಚಿ ನೋಡುವ ಕುತೂಹಲ ಬಿಟ್ಟು, ಒಂದು ಕವರ್‌ನಲ್ಲಿ ಹಾಕಿ, ದಿನಾಂಕ ಮತ್ತು ಜಾಬ್ ಕಾರ್ಡ್ ಸಂಖ್ಯೆ ಬರೆದು ಅಂಟಿಸಿಡಿ. ರಿಬ್ಬನ್ ಸವೆದು ತುಂಡಾಗಿದೆಯೇ ಅಥವಾ ಕನೆಕ್ಟರ್‌ನ ಕೊಂಡಿ ಹೊಸದಾಗಿ ಮುರಿದಿದೆಯೇ ಎಂಬುದನ್ನು ಬಲ್ಲ ಎಲೆಕ್ಟ್ರಿಷಿಯನ್ ಒಬ್ಬರು ಅದನ್ನು ನೋಡಿಯೇ ಹೇಳಬಲ್ಲರು.