ಫ್ಲೈಟ್ ಲೇಟಾದ್ರೆ, ಕ್ಯಾನ್ಸಲ್ ಆದ್ರೆ ದುಡ್ಡು ಯಾವಾಗ ಸಿಗತ್ತೆ?

ಹೋದ ವರ್ಷ ನಮ್ಮಕ್ಕ ಮ್ಯೂನಿಕ್‌ನಿಂದ ಬೆಂಗಳೂರಿಗೆ ಬಂದಾಗ ಫ್ಲೈಟ್ ರನ್‌ವೇ ಮುಟ್ಟಿದ್ದು 2 ಗಂಟೆ 51 ನಿಮಿಷ ತಡವಾಗಿ, ಆಮೇಲೆ ನಿಲ್ಲಿಸೋಕೆ ಜಾಗ ಖಾಲಿ ಇಲ್ಲ ಅಂತ ಅಲ್ಲೇ ಕಾದು ಬಾಗಿಲು ತೆಗೆಯೋ ಹೊತ್ತಿಗೆ 3 ಗಂಟೆ 7 ನಿಮಿಷ ಆಗಿತ್ತು. ಪರಿಹಾರ ಕೇಳಿದ್ರೆ ಕಂಪನಿಯವ್ರು ಮೂರು ಗಂಟೆ ಆಗಿಲ್ಲ, ಕೊಡಕ್ಕಾಗಲ್ಲ ಅಂತ ಮೇಲ್ ಹಾಕಿದ್ರು. ಬಾಗಿಲು ತೆಗೆದಾಗ ಅಕ್ಕ ಒಂದು ಫೋಟೋ ತೆಗೆದಿದ್ಲು, ಅದರಲ್ಲಿ ಟೈಮ್ ಇತ್ತು, ಅದನ್ನ ಕಳಿಸಿದ್ಮೇಲೆ 300 ಯೂರೋ ಅಕೌಂಟಿಗೆ ಬಂತು. ಆ ಹದಿನಾರು ನಿಮಿಷಕ್ಕೆ ಅಷ್ಟು ಬೆಲೆ ಯಾಕೆ ಅಂತ ಓದ್ತಾ ಹೋಗಿ ಬರ್ಕೊಂಡ ಟಿಪ್ಪಣಿ ಇದು, ಗ್ರಾಹಕ ಕಾನೂನು ಓದ್ತಿರೋರಿಗೂ ಉಪಯೋಗ ಆಗಬಹುದು.

ಮೊದಲು ಎಲ್ಲಿಂದ ಹೊರಟಿದ್ದು ಅಂತ ನೋಡಿ

ಯುರೋಪಿಯನ್ ಒಕ್ಕೂಟದ ನಿಯಮದ ಹೆಸರು 261/2004, ಜಾರಿಗೆ ಬಂದಿದ್ದು 2005ರ ಫೆಬ್ರವರಿಯಲ್ಲಿ. ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು, ಟಿಕೆಟ್ ಎಲ್ಲಿ ತಗೊಂಡ್ರಿ ಅನ್ನೋದನ್ನೆಲ್ಲ ಅದು ಕೇಳಲ್ಲ. ಒಕ್ಕೂಟದ ಏರ್‌ಪೋರ್ಟಿಂದ ಹೊರಟ ಫ್ಲೈಟಾದ್ರೆ ಯಾವ ಕಂಪನಿದಾದ್ರೂ ಸರಿ, ಹೊರಗಿಂದ ಒಕ್ಕೂಟದೊಳಗೆ ಹೋಗೋದಾದ್ರೆ ಮಾತ್ರ ಒಕ್ಕೂಟದ ಕಂಪನಿನೇ ಹಾರಿಸ್ತಿರಬೇಕು. ಅಂದ್ರೆ ಬೆಂಗಳೂರಿಂದ ಫ್ರಾಂಕ್‌ಫರ್ಟ್‌ಗೆ ಲುಫ್ತಾನ್ಸಾದಲ್ಲಿ ಹೋದ್ರೆ ನಿಯಮ ಅನ್ವಯ ಆಗತ್ತೆ, ದುಬೈ ಮೇಲೆ ಎಮಿರೇಟ್ಸಲ್ಲಿ ಹೋದ್ರೆ ಆಗಲ್ಲ, ಆದ್ರೆ ಅದೇ ಎಮಿರೇಟ್ಸಲ್ಲಿ ಫ್ರಾಂಕ್‌ಫರ್ಟ್‌ನಿಂದ ವಾಪಸ್ ಬರುವಾಗ ಆಗತ್ತೆ! ವಾಪಸ್ ಬರುವಾಗ ಮೊದಲ ಫ್ಲೈಟ್ 40 ನಿಮಿಷ ಲೇಟಾಗಿ ದುಬೈನಲ್ಲಿ ಬೆಂಗಳೂರಿನ ಫ್ಲೈಟ್ ತಪ್ಪಿ, ಐದು ಗಂಟೆ ತಡವಾಗಿ ಮನೆ ಸೇರಿದ್ರೆ ಲೆಕ್ಕಕ್ಕೆ ಬರೋದು ಆ ಐದು ಗಂಟೆ, 40 ನಿಮಿಷ ಅಲ್ಲ. ಒಂದೇ ಬುಕಿಂಗ್ ಆಗಿರಬೇಕು ಅಷ್ಟೇ, ಬೇರೆ ಬೇರೆ ಟಿಕೆಟ್ ತಗೊಂಡು ಜೋಡಿಸಿಕೊಂಡಿದ್ರೆ ಈ ಅನುಕೂಲ ಹೋಯ್ತು.

ಮೊತ್ತ ಟಿಕೆಟ್ ದರದ ಮೇಲಲ್ಲ, ದೂರದ ಮೇಲೆ. 1,500 ಕಿ.ಮೀ. ಒಳಗಾದ್ರೆ 250 ಯೂರೋ, 3,500 ಕಿ.ಮೀ. ತನಕ 400, ಅದರಾಚೆ 600. ಬೆಂಗಳೂರು–ಯುರೋಪ್ ಎಲ್ಲಾ 600ರ ಸಾಲಿಗೇ ಬರತ್ತೆ, ಆದ್ರೆ ಈ ಉದ್ದದ ದಾರಿಯಲ್ಲಿ ತಡ ಮೂರರಿಂದ ನಾಲ್ಕು ಗಂಟೆ ಒಳಗಿದ್ರೆ ಕಂಪನಿ ಅರ್ಧ ಕಡಿತ ಮಾಡಬಹುದು, ಅಕ್ಕನಿಗೆ 300 ಬಂದಿದ್ದು ಅದಕ್ಕೇ. ಬ್ರೆಕ್ಸಿಟ್ ಆದ್ಮೇಲೂ ಬ್ರಿಟನ್ ಇದೇ ನಿಯಮನ ತನ್ನ ಕಾನೂನಾಗಿ ಇಟ್ಕೊಂಡಿದೆ, ಅಲ್ಲಿ 220, 350, 520 ಪೌಂಡ್.

ಇಲ್ಲಿ ಒಂದು ಕುತೂಹಲದ ವಿಷಯ. ಲೇಟಾದ್ರೆ ಹಣ ಅಂತ ಮೂಲ ನಿಯಮದಲ್ಲಿ ಬರೆದೇ ಇಲ್ಲ, ಕ್ಯಾನ್ಸಲ್ ಆದ್ರೆ ಇಲ್ಲಾ ಫ್ಲೈಟ್ ಹತ್ತಿಸ್ಕೊಳ್ಳದೇ ಇದ್ರೆ ಮಾತ್ರ ಇತ್ತು. 2009ರ ಸ್ಟರ್ಜನ್ ತೀರ್ಪಲ್ಲಿ ಯುರೋಪಿನ ನ್ಯಾಯಾಲಯ, ಮೂರು ಗಂಟೆ ಕಳ್ಕೊಂಡವನಿಗೂ ಕ್ಯಾನ್ಸಲ್ ಆದವನಿಗೂ ಆಗೋ ತೊಂದ್ರೆ ಒಂದೇ ಥರದ್ದು, ಹಾಗಾಗಿ ಇಬ್ಬರಿಗೂ ಕೊಡಿ ಅಂತು. ಸರಿ, ತಲುಪಿದ್ದು ಅಂದ್ರೆ ಯಾವಾಗ? ಚಕ್ರ ನೆಲ ಮುಟ್ಟಿದಾಗಲಾ, ವಿಮಾನ ನಿಂತಾಗಲಾ? 2014ರಲ್ಲಿ ಜರ್ಮನ್‌ವಿಂಗ್ಸ್ ಕೇಸಲ್ಲಿ ಅದಕ್ಕೂ ಉತ್ತರ ಬಂತು: ಕನಿಷ್ಠ ಒಂದು ಬಾಗಿಲು ತೆಗೆದು ಪ್ರಯಾಣಿಕರು ಇಳಿಯಬಹುದು ಅನ್ನೋ ಕ್ಷಣ. ಅಲ್ಲಿ ತನಕ ನೀವು ಸೀಟಲ್ಲೇ ಕೂತಿರಬೇಕು, ಎದ್ದು ನಿಮ್ಮ ಕೆಲಸ ನೋಡ್ಕೊಳ್ಳೋಕಾಗಲ್ಲ, ಅದಕ್ಕೇ ಆ ಸಮಯನೂ ಪ್ರಯಾಣದ್ದೇ. ನನಗೆ ಈ ತೀರ್ಪು ತುಂಬಾ ಇಷ್ಟ, ಕೂತವನ ಕಡೆಯಿಂದ ಗಡಿಯಾರ ನೋಡಿದ ತೀರ್ಪು ಇದು.

ಕಾರಣ ಏನು ಅಂತ ಬರವಣಿಗೆಯಲ್ಲಿ ಕೇಳಿ

ಎಲ್ಲಾ ಎಚ್ಚರಿಕೆ ತಗೊಂಡ್ರೂ ತಪ್ಪಿಸೋಕಾಗದ ಅಸಾಧಾರಣ ಕಾರಣ ಇದ್ರೆ ಕಂಪನಿ ಹಣ ಕೊಡಬೇಕಾಗಿಲ್ಲ, ಆದ್ರೆ ಅದನ್ನ ಸಾಬೀತು ಮಾಡೋ ಹೊಣೆ ಕಂಪನಿದೇ. ಕೆಟ್ಟ ಹವಾಮಾನ, ಹಕ್ಕಿ ಬಡಿದಿದ್ದು, ವಾಯು ಸಂಚಾರ ನಿಯಂತ್ರಣದವರ ಮುಷ್ಕರ ಇದೆಲ್ಲ ಅಸಾಧಾರಣ. ಮಾಮೂಲಿ ಟೆಕ್ನಿಕಲ್ ಪ್ರಾಬ್ಲಮ್ ಅಲ್ಲ, 2008ರಲ್ಲೇ ಇದು ತೀರ್ಮಾನ ಆಗಿದೆ. ಸಂಬಳಕ್ಕಾಗಿ ಕಂಪನಿಯ ಪೈಲಟ್‌ಗಳೇ ಮುಷ್ಕರ ಹೂಡಿದ್ರೂ ಅಸಾಧಾರಣ ಅಲ್ಲ ಅಂತ 2021ರ ತೀರ್ಪಿದೆ. ಹಾಗಾಗಿ ಬರೀ "ಆಪರೇಷನಲ್ ರೀಸನ್" ಅಂತ ಬಂದ ಮೇಲ್‌ಗೆ ಸುಮ್ಮನಾಗಬೇಡಿ, ಯಾವ ರೀಸನ್ ಅಂತ ತಿರುಗಿ ಬರೀರಿ. ಕೌಂಟರಲ್ಲಿ ವೋಚರ್ ಕೊಡ್ತೀವಿ ಸೈನ್ ಮಾಡಿ ಅಂದ್ರೂ ಓದಿ ನೋಡಿ, ಹಣದ ಬದಲು ವೋಚರ್ ಕೊಡ್ಬೇಕಾದ್ರೆ ಅವರಿಗೆ ನಿಮ್ಮ ಸಹಿ ಇರೋ ಒಪ್ಪಿಗೆ ಬೇಕು. ನೀರು, ಊಟ, ರಾತ್ರಿ ಆದ್ರೆ ಹೋಟೆಲ್ ಮಾತ್ರ ಹವಾಮಾನ ಕೆಟ್ಟಿದ್ರೂ ಕೊಡಲೇಬೇಕು.

ನಮ್ಮ ದೇಶದೊಳಗೆ

ಇಲ್ಲಿ ಡಿಜಿಸಿಎ, ಅಂದ್ರೆ ವಿಮಾನಯಾನ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆಯ ನಿಯಮ. ಪರೀಕ್ಷೆಲಿ ಎಲ್ಲರೂ ತಪ್ಪು ಮಾಡೋ ಜಾಗ ಇದೇ: ನಮ್ಮಲ್ಲಿ ಬರೀ ಲೇಟಾಗಿದ್ದಕ್ಕೆ ನಗದು ಪರಿಹಾರ ಇಲ್ಲ. ಎರಡೂವರೆ ಗಂಟೆ ತನಕದ ಹಾರಾಟಕ್ಕೆ ಎರಡು ಗಂಟೆ ಲೇಟಾದ್ರೆ, ಬೆಂಗಳೂರು–ದೆಹಲಿ ಥರ ಅದಕ್ಕಿಂತ ಉದ್ದದ್ದಕ್ಕೆ ಮೂರು ಗಂಟೆ ಲೇಟಾದ್ರೆ ತಿಂಡಿ-ಊಟ ಕೊಡಬೇಕು. ಆರು ಗಂಟೆ ಮೀರಿದ್ರೆ ಬೇರೆ ಫ್ಲೈಟ್ ಇಲ್ಲಾ ಪೂರ್ತಿ ರಿಫಂಡ್. 24 ಗಂಟೆ ಮೀರಿದ್ರೆ, ಅಥವಾ ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಿದ್ದ ಫ್ಲೈಟ್ ಆರು ಗಂಟೆ ಮೀರಿ ತಡ ಆದ್ರೆ ಹೋಟೆಲ್.

ಕ್ಯಾನ್ಸಲ್ ಆದ್ರೆ ಹಣ ಇದೆ, ಆದ್ರೆ 24 ಗಂಟೆ ಮೊದಲೇ ತಿಳಿಸದೇ ಇದ್ರೆ ಮಾತ್ರ. ಆಗ ನಿಮಗೆ ಒಪ್ಪಿಗೆ ಆಗೋ ಬದಲಿ ಫ್ಲೈಟ್ ಕೊಡಬೇಕು, ಇಲ್ಲಾ ಟಿಕೆಟ್ ಹಣದ ಜೊತೆಗೆ ಪರಿಹಾರ. ಒಂದು ಗಂಟೆ ತನಕದ ಹಾರಾಟಕ್ಕೆ 5,000, ಎರಡು ಗಂಟೆ ತನಕ 7,500, ಅದಕ್ಕಿಂತ ಹೆಚ್ಚಿದ್ರೆ 10,000 ರೂಪಾಯಿ. ಇಷ್ಟು ಓದಿ ನಿಲ್ಲಿಸಬೇಡಿ, ಇದು ಗರಿಷ್ಠ ಮಿತಿ, ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಸೇರಿಸಿದ್ದು ಅಥವಾ ಈ ಮಿತಿ, ಯಾವುದು ಕಮ್ಮಿನೋ ಅದು. ದೆಹಲಿ ಟಿಕೆಟ್‌ಗೆ 6,200 ಕೊಟ್ಟಿದ್ದು ಅದರಲ್ಲಿ ಮೂಲ ದರ, ಇಂಧನ ಸೇರಿ 4,600 ಅಂದ್ಕೊಳ್ಳಿ, ಸಿಗೋ ಪರಿಹಾರ 4,600. ಸೀಟಿಗಿಂತ ಜಾಸ್ತಿ ಟಿಕೆಟ್ ಮಾರಿ ನಿಮ್ಮನ್ನ ಹತ್ತಿಸ್ಕೊಳ್ಳದೇ ಇದ್ದಾಗ ಮಾತ್ರ ನಮ್ಮ ನಿಯಮ ಸ್ವಲ್ಪ ಗಟ್ಟಿ: ಬದಲಿ ಫ್ಲೈಟ್ ಒಂದು ಗಂಟೆಯೊಳಗೆ ಸಿಗದೆ 24 ಗಂಟೆಯೊಳಗೆ ಸಿಕ್ರೆ ಆ ದರದ ಎರಡು ಪಟ್ಟು, 10,000 ತನಕ, ಅದಕ್ಕಿಂತ ತಡ ಆದ್ರೆ ನಾಲ್ಕು ಪಟ್ಟು, 20,000 ತನಕ.

ಇನ್ನೊಂದು, ಬುಕ್ ಮಾಡುವಾಗ ಸರಿಯಾದ ನಂಬರ್ ಕೊಡದೇ ಇದ್ರೆ ಕ್ಯಾನ್ಸಲೇಷನ್ ಪರಿಹಾರ ಸಿಗಲ್ಲ. ಅಪ್ಪ-ಅಮ್ಮನಿಗೆ ಏಜೆಂಟ್ ಕೈಲಿ ಟಿಕೆಟ್ ಮಾಡಿಸೋರು ಏಜೆಂಟ್ ತನ್ನ ನಂಬರ್ ಹಾಕಿದಾನಾ ಅಂತ ದಯವಿಟ್ಟು ನೋಡಿ, ನಿಮ್ಮದೋ ಅವರದೋ ಹಾಕಿಸಿ.

ದೂರು ಕೊಡೋದು ಮೊದಲು ಕಂಪನಿಗೆ, ಬರವಣಿಗೆಯಲ್ಲಿ, ಬೋರ್ಡಿಂಗ್ ಪಾಸ್ ಮತ್ತೆ ಅವರು ಕಳಿಸಿದ ಮೆಸೇಜ್ ಇಟ್ಕೊಂಡು. ಆಗದಿದ್ರೆ ಸರ್ಕಾರದ ಏರ್‌ಸೇವಾ ಪೋರ್ಟಲ್ ಇದೆ. ಅದಾದ್ಮೇಲೂ ಆಗದಿದ್ರೆ ಜಿಲ್ಲಾ ಗ್ರಾಹಕ ಆಯೋಗ: 2019ರ ಕಾಯ್ದೆ ಪ್ರಕಾರ ನೀವು ಇರೋ ಊರಲ್ಲೇ ಹಾಕಬಹುದು, ಹಾಸನದವ್ರು ಹಾಸನದಲ್ಲೇ, ಕಂಪನಿ ಆಫೀಸ್ ಎಲ್ಲಿದ್ರೂ ಪರವಾಗಿಲ್ಲ. ಎರಡು ವರ್ಷದೊಳಗೆ ಹಾಕಬೇಕು, ಟಿಕೆಟ್‌ಗೆ ಕೊಟ್ಟ ಹಣ 5 ಲಕ್ಷ ಮೀರದಿದ್ರೆ ಶುಲ್ಕ ಇಲ್ಲ. ಅಲ್ಲಿ ಕೇಳೋದು ಬರೀ ಡಿಜಿಸಿಎ ಪಟ್ಟಿಯ ಮೊತ್ತ ಅಲ್ಲ, ಸೇವಾ ನ್ಯೂನತೆಯಿಂದ ಆದ ನಷ್ಟ. ಅದಕ್ಕೆ ಆ ರಾತ್ರಿ ನೀವೇ ಕೊಟ್ಟ ಟ್ಯಾಕ್ಸಿ ಬಿಲ್ಲು, ರೂಮ್ ಬಿಲ್ಲು ಎಲ್ಲ ಎತ್ತಿಟ್ಕೊಳ್ಳಿ.