ರಷ್ಯನ್ ವ್ಯಕ್ತಿಚಿತ್ರ: ಹೊಡೆದುಹಾಕಬೇಕು ಅನ್ನಿಸಿದ ಸಾಲು

ವ್ಯಕ್ತಿಚಿತ್ರಗಳ ಹಸ್ತಪ್ರತಿ ತಿದ್ದುವುದು ನನ್ನ ಕೆಲಸದ ದೊಡ್ಡ ಪಾಲು. ಬರುವವುಗಳಲ್ಲಿ ಹೆಚ್ಚಿನವು ಒಂದೇ ಥರ ಇರುತ್ತವೆ. ಹುಟ್ಟಿದ ಊರು, ಓದಿದ ಕಾಲೇಜು, ಬಂದ ಪ್ರಶಸ್ತಿ, ಕೊನೆಗೆ 'ಅಪರೂಪದ ಸರಳ ವ್ಯಕ್ತಿ'. ಎಲ್ಲ ನಿಜವೇ ಇರಬಹುದು. ಆದರೆ ಓದಿ ಮುಗಿಸಿದ ಮೇಲೆ ಆ ಮನುಷ್ಯ ಬಸ್ ಸ್ಟ್ಯಾಂಡಿನಲ್ಲಿ ಎದುರಾದರೂ ಗುರುತು ಸಿಗುವುದಿಲ್ಲ. ಹೀಗೆ ಬರೆದವರಿಗೆ ನಾನು ಜಾಸ್ತಿ ಉಪದೇಶ ಮಾಡುವುದಿಲ್ಲ, ಸುಮ್ನೆ ಒಂದಷ್ಟು ರಷ್ಯನ್ ವ್ಯಕ್ತಿಚಿತ್ರಗಳನ್ನು ಓದಲು ಹೇಳುತ್ತೇನೆ. ಯಾವುವು, ಯಾಕೆ ಎಂದು ಇಲ್ಲಿ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕಾದಂಬರಿಯ ಪಾತ್ರವನ್ನು ವರ್ಣಿಸುವುದು ಬೇರೆ, ಇದು ಬೇರೆ. ಲೆರ್ಮಂತೊವ್ 1840ರ ತನ್ನ ಕಾದಂಬರಿಯಲ್ಲಿ ಪೆಚೋರಿನ್‌ನನ್ನು ತೋರಿಸುವಾಗ, ಇವನು ನಡೆಯುವಾಗ ಕೈ ಬೀಸುವುದಿಲ್ಲ, ನಗುವಾಗ ಇವನ ಕಣ್ಣು ನಗುವುದಿಲ್ಲ ಎನ್ನುತ್ತಾನೆ. ಎಂಥ ನೋಟ ಅಲ್ವಾ? ಆದರೆ ಪೆಚೋರಿನ್ ಕಟ್ಟಿದ ಪಾತ್ರ. 'ನಾನು ಹಾಗಿರಲಿಲ್ಲ' ಎಂದು ಜಗಳಕ್ಕೆ ಬರುವುದಿಲ್ಲ. ವ್ಯಕ್ತಿಚಿತ್ರ ಬರೆಯುವವನಿಗೆ ಈ ಅನುಕೂಲ ಇಲ್ಲ. ಅವನು ಬರೆಯುವುದು ನಿಜವಾಗಿ ಬದುಕಿದ್ದವರ ಬಗ್ಗೆ. ಅವರ ಹೆಂಡತಿ, ಮಕ್ಕಳು, ಶಿಷ್ಯರು, ವೈರಿಗಳು ಎಲ್ಲರೂ ಓದುತ್ತಾರೆ. ಹಾಗಂತ ಜೀವನಚರಿತ್ರೆಯ ಹಾಗೆ ಹುಟ್ಟಿನಿಂದ ಸಾವಿನವರೆಗೆ ಎಲ್ಲ ಹೇಳುವ ಹೊಣೆಯೂ ಇಲ್ಲ. ಏನು ಬಿಡಬೇಕು, ಏನು ಇಟ್ಟುಕೊಳ್ಳಬೇಕು ಅನ್ನುವುದರಲ್ಲೇ ಈ ಪ್ರಕಾರದ ಆಟವೆಲ್ಲ ಇರುವುದು. 19ನೇ ಶತಮಾನದಲ್ಲಿ ಫ್ರಾನ್ಸಿನ ವಿಮರ್ಶಕ ಸ್ಯಾಂತ್ ಬವ್ ಸಾಹಿತಿಗಳ ಇಂಥ ಚಿತ್ರಗಳನ್ನು ಬರೆದು ಹೆಸರಾದ. ರಷ್ಯನ್ನರು ಅದನ್ನು ತಮ್ಮ ನೆನಪುಗಳ ಕಡೆಗೆ ಎಳೆದುಕೊಂಡರು. 'ನಾನು ಕಂಡ ಹಾಗೆ' ಅನ್ನುವುದು ಅಲ್ಲಿ ಮುಖ್ಯವಾಯಿತು.

ಕಾದಂಬರಿಕಾರ ತುರ್ಗೆನೆವ್ 1869ರಲ್ಲಿ ತನ್ನ ಗೆಳೆಯ, ವಿಮರ್ಶಕ ಬೆಲಿನ್‌ಸ್ಕಿಯ ಬಗ್ಗೆ ಬರೆದ. ಅಷ್ಟು ಹೊತ್ತಿಗೆ ಬೆಲಿನ್‌ಸ್ಕಿ ಸತ್ತು 20 ವರ್ಷ ದಾಟಿತ್ತು. ಅದರಲ್ಲೊಂದು ಪ್ರಸಂಗ ಇದೆ. ಇಬ್ಬರೂ ಗಂಟೆಗಟ್ಟಲೆ ವಾದ ಮಾಡಿದ್ದಾರೆ. ತುರ್ಗೆನೆವ್‌ಗೆ ಸುಸ್ತಾಗಿದೆ, ಹೊಟ್ಟೆ ಹಸಿದಿದೆ. ಊಟದ ಮಾತೆತ್ತುತ್ತಾನೆ. ಬೆಲಿನ್‌ಸ್ಕಿಗೆ ಬೇಸರವಾಗುತ್ತದೆ: ದೇವರು ಇದ್ದಾನೋ ಇಲ್ಲವೋ ಎಂದು ನಾವಿನ್ನೂ ತೀರ್ಮಾನಿಸಿಲ್ಲ, ನಿಮಗೆ ಊಟ ಬೇಕಾ! ಇಡೀ ಒಂದು ಪೀಳಿಗೆ ಈ ಒಂದು ಮಾತಿನಲ್ಲಿ ಸಿಕ್ಕಿಬಿಡುತ್ತದೆ. ಆದರೆ ನನಗೆ ಇದಕ್ಕಿಂತ ಇಷ್ಟವಾದದ್ದು ಮುಂದಿನ ವಾಕ್ಯ. ಓದಿದವರು ನಕ್ಕುಬಿಡಬಹುದು ಎಂದು ಹೆದರಿ ಈ ಸಾಲನ್ನು ಹೊಡೆದುಹಾಕಬೇಕು ಎಂದಿದ್ದೆ, ಆದರೆ ಬೆಲಿನ್‌ಸ್ಕಿ ಅದನ್ನು ಹೇಳಿದ ರೀತಿಯನ್ನು ಕಿವಿಯಾರೆ ಕೇಳಿದ್ದರೆ ಯಾರಿಗೂ ನಗು ಬರುತ್ತಿರಲಿಲ್ಲ ಎಂದು ತುರ್ಗೆನೆವ್ ತಾನೇ ಹೇಳಿಕೊಳ್ಳುತ್ತಾನೆ.

ನನ್ನ ಅನುಭವದಲ್ಲಿ ಇದು ಯಾವಾಗಲೂ ಹೀಗೆಯೇ. ಯಾವ ಸಾಲನ್ನು ಬರೆದವನು ಮರ್ಯಾದೆಗೆ ಅಂಜಿ ತೆಗೆಯಲು ನೋಡುತ್ತಾನೋ ಅಲ್ಲೇ ಮನುಷ್ಯ ಕೂತಿರುತ್ತಾನೆ. ಲೇಖಕರ ಹತ್ತಿರ ಫೋನಿನಲ್ಲಿ ಮಾತಾಡುವಾಗ 'ಇದನ್ನ ಬರೆಯೋಕೆ ಆಗಲ್ಲ ಬಿಡಿ ಸಾರ್' ಎಂದು ಶುರು ಮಾಡಿ ಒಂದು ಸಂಗತಿ ಹೇಳುತ್ತಾರಲ್ಲ, ಅದೇ ನನಗೆ ಬೇಕಾದದ್ದು!

ಈಗ ಗಾರ್ಕಿ. ರಷ್ಯನ್ ವ್ಯಕ್ತಿಚಿತ್ರ ಎಂದರೆ ಬಲ್ಲವರು ಮೊದಲು ಹೇಳುವ ಹೆಸರು ಇದು. ಕನ್ನಡಿಗರಿಗೆ ಅವನು 'ತಾಯಿ' ಕಾದಂಬರಿಯ ಗಾರ್ಕಿ, ನಿರಂಜನರ ಅನುವಾದದಿಂದ ಮನೆಮಾತಾದವನು. ನನ್ನನ್ನು ಕೇಳಿದರೆ ಅವನ ಅತ್ಯುತ್ತಮ ಬರವಣಿಗೆ ಆ ಕಾದಂಬರಿ ಅಲ್ಲ, 1919ರಲ್ಲಿ ಬಂದ ಟಾಲ್‌ಸ್ಟಾಯ್ ಕುರಿತ ಸಣ್ಣ ಪುಸ್ತಕ. 1901-02ರಲ್ಲಿ ಟಾಲ್‌ಸ್ಟಾಯ್ ಕಾಯಿಲೆ ಬಿದ್ದು ಕ್ರೈಮಿಯಾದ ಗಾಸ್ಪ್ರಾದಲ್ಲಿದ್ದ. ಗಾರ್ಕಿ ಪಕ್ಕದ ಒಲೇಯ್ಜ್‌ನಲ್ಲಿದ್ದ. ಹೋಗಿ ಬಂದು, ಕೈಗೆ ಸಿಕ್ಕಿದ ಚೀಟಿಗಳಲ್ಲಿ ಒಂದಷ್ಟು ಗೀಚಿಟ್ಟ. ಆ ಚೀಟಿಗಳು ಕಳೆದೇ ಹೋದವು ಎಂದುಕೊಂಡಿದ್ದಾಗ ಎಷ್ಟೋ ವರ್ಷದ ಮೇಲೆ ಕೆಲವು ಸಿಕ್ಕವು. ಬೇರೆ ಯಾರಾದರೂ ಆಗಿದ್ದರೆ ಅವನ್ನೆಲ್ಲ ಹೊಲಿದು, ಮುನ್ನುಡಿ-ಹಿನ್ನುಡಿ ಸೇರಿಸಿ ದಪ್ಪ ಪುಸ್ತಕ ಮಾಡುತ್ತಿದ್ದರು. ಗಾರ್ಕಿ ಅವನ್ನು ತುಣುಕು ತುಣುಕಾಗಿಯೇ ಅಂಕಿ ಹಾಕಿ ಅಚ್ಚಿಗೆ ಕೊಟ್ಟ. ಜೊತೆಗೆ, 1910ರಲ್ಲಿ ಟಾಲ್‌ಸ್ಟಾಯ್ ಮನೆ ಬಿಟ್ಟು ಹೋಗಿ ಸತ್ತಾಗ ಲೇಖಕ ಕೊರೊಲೆಂಕೊಗೆ ಬರೆಯಲು ಶುರು ಮಾಡಿ ಮುಗಿಸದೇ ಉಳಿದ ಒಂದು ಕಾಗದ. ಅದನ್ನೂ ಮುಗಿಸದೇ ಹಾಗೇ ಸೇರಿಸಿದ. ಸಂಪಾದಕನಾಗಿ ಈ ತೀರ್ಮಾನಕ್ಕೆ ಕೈ ಮುಗಿಯುತ್ತೇನೆ. ಅಷ್ಟು ದೊಡ್ಡ, ಅಷ್ಟು ವಿರೋಧಗಳ ಮನುಷ್ಯನನ್ನು ಒಂದೇ ಎಳೆಯಲ್ಲಿ ಪೋಣಿಸಲು ಹೋಗಿದ್ದರೆ ಅರ್ಧ ಟಾಲ್‌ಸ್ಟಾಯ್ ಆಚೆ ಉದುರುತ್ತಿದ್ದ.

ಹತ್ತಿರದಿಂದ ನೋಡೋಣ. ಗಾರ್ಕಿ ಮುಖ ಬಿಟ್ಟು ಕೈ ಹಿಡಿದುಕೊಳ್ಳುತ್ತಾನೆ. ಟಾಲ್‌ಸ್ಟಾಯ್‌ನ ಕೈಗಳು ಚೆಂದವಿಲ್ಲ, ಗಂಟು ಗಂಟು, ನರ ಉಬ್ಬಿವೆ, ಆದರೂ ಏನೋ ಒಂದು ಶಕ್ತಿ ಅವುಗಳಲ್ಲಿದೆ. ಮಾತಾಡುತ್ತ ಬೆರಳು ಆಡಿಸುತ್ತಾನೆ, ಮೆಲ್ಲಗೆ ಮುಷ್ಟಿ ಕಟ್ಟುತ್ತಾನೆ, ಆಮೇಲೆ ಫಕ್ಕನೆ ಮುಷ್ಟಿ ಬಿಚ್ಚುವಾಗ ಬಾಯಿಂದ ಒಂದು ತೂಕದ ಮಾತು ಬರುತ್ತದೆ. ಇಷ್ಟೇ. 'ಅವರು ಮಹಾನ್ ಚಿಂತಕರು' ಎಂದು ಎಲ್ಲೂ ಹೇಳಬೇಕಾಗುವುದಿಲ್ಲ, ಯೋಚನೆ ಹುಟ್ಟುವುದೇ ಕಣ್ಣೆದುರು ಕಾಣುತ್ತದೆ.

ಇನ್ನೊಂದು ತುಣುಕಿನಲ್ಲಿ ಟಾಲ್‌ಸ್ಟಾಯ್ ತನ್ನ ಡೈರಿ ಓದಲು ಕೊಟ್ಟಿರುತ್ತಾನೆ. ಅದರಲ್ಲಿ ಒಂದು ವಿಚಿತ್ರ ಸಾಲು: ದೇವರು ನನ್ನ ಆಸೆ. ಹಿಂತಿರುಗಿಸುವಾಗ ಗಾರ್ಕಿ, ಇದೇನು ಎಂದು ಕೇಳುತ್ತಾನೆ. ಮುದುಕ ಕಣ್ಣು ಕಿರಿದು ಮಾಡಿ ಪುಟ ನೋಡುತ್ತಾನೆ, ಪೂರ್ತಿಯಾಗದ ಯೋಚನೆ ಎನ್ನುತ್ತಾನೆ, ಅವನನ್ನು ತಿಳಿಯುವುದು ನನ್ನ ಆಸೆ ಎಂದು ಬರೆಯಲು ಹೊರಟಿದ್ದೆನೇನೋ ಎನ್ನುತ್ತಾನೆ, ಅಲ್ಲ ಅದಲ್ಲ ಎಂದು ನಕ್ಕು ಪುಸ್ತಕ ಸುರುಳಿ ಸುತ್ತಿ ಅಂಗಿಯ ಅಗಲ ಜೇಬಿಗೆ ತುರುಕುತ್ತಾನೆ. ದೇವರಿಗೂ ಇವನಿಗೂ ಇರುವ ಸಂಬಂಧ ಒಂದೇ ಗುಹೆಯಲ್ಲಿರುವ ಎರಡು ಕರಡಿಗಳನ್ನು ನೆನಪಿಸುತ್ತದೆ ಎಂದು ಗಾರ್ಕಿ ಷರಾ ಬರೆಯುತ್ತಾನೆ. ಟಾಲ್‌ಸ್ಟಾಯ್ ಭಕ್ತನೊಬ್ಬ ಹೀಗೆ ಬರೆಯಲು ಸಾಧ್ಯವೇ? ಗಾರ್ಕಿಗೆ ದೇವರಲ್ಲೂ ನಂಬಿಕೆ ಇಲ್ಲ, ಟಾಲ್‌ಸ್ಟಾಯ್‌ನ ಉಪದೇಶದಲ್ಲೂ ಇಲ್ಲ. ಅದನ್ನು ಅವನು ಮುಚ್ಚಿಡುವುದೂ ಇಲ್ಲ. ಆದರೆ ಇವನು ಈ ಭೂಮಿಯ ಮೇಲೆ ಇರುವವರೆಗೆ ನಾನು ಅನಾಥನಲ್ಲ ಎಂದೂ ಅವನೇ ಬರೆಯುತ್ತಾನೆ. ಒಪ್ಪಿಗೆಯಿಲ್ಲದ ಪ್ರೀತಿ ಅಂದರೆ ಇದು. ಚಿತ್ರ ಬರೆದವನು ಎಲ್ಲಿ ನಿಂತಿದ್ದಾನೆ ಎಂದು ನಮಗೆ ಪ್ರತಿ ಪುಟದಲ್ಲೂ ಗೊತ್ತಿರುತ್ತದೆ, ಅದಕ್ಕೇ ಅವನ ಮಾತಿನ ತೂಕ ಎಷ್ಟು ಎಂದು ನಾವೇ ಅಳೆದುಕೊಳ್ಳಬಹುದು.

(ಒಂದು ಸಣ್ಣ ವಿಷಯ ಹೇಳದೇ ಮುಂದೆ ಹೋಗಲಾರೆ. ಮನುಷ್ಯರು ತಾವೊಬ್ಬರೇ ಇದ್ದೇವೆ ಎಂದುಕೊಂಡಾಗ ಹೇಗಿರುತ್ತಾರೆ ಎಂದು ಗಾರ್ಕಿ ಬೇರೊಂದು ಕಡೆ ಬರೆದಿದ್ದಾನೆ. ಅಲ್ಲಿ ಚೆಕಾವ್ ತೋಟದಲ್ಲಿ ಕೂತು ಬಿಸಿಲುಕೋಲನ್ನು ಹ್ಯಾಟಿನಲ್ಲಿ ಹಿಡಿದು ತಲೆಗೆ ಹಾಕಿಕೊಳ್ಳಲು ನೋಡುತ್ತಾನೆ. ಟಾಲ್‌ಸ್ಟಾಯ್ ಬಿಸಿಲು ಕಾಯಿಸುತ್ತಿದ್ದ ಹಲ್ಲಿಯೊಂದನ್ನು ನಿನಗೆ ಹಾಯಾಗಿದೆಯಾ ಎಂದು ಕೇಳಿ, ಸುತ್ತಮುತ್ತ ನೋಡಿ, ನನಗೆ ಇಲ್ಲ ಎಂದು ಅದಕ್ಕೆ ಒಪ್ಪಿಸುತ್ತಾನೆ.)

ಅದೇ ಗಾರ್ಕಿ ಲೆನಿನ್ ಬಗ್ಗೆಯೂ ಬರೆದ. ಇದು ಈ ಪ್ರಕಾರ ಹೇಗೆ ಕೆಡುತ್ತದೆ ಎಂದು ತೋರಿಸಲು ನಾನು ಬಳಸುವ ಉದಾಹರಣೆ. ಚಿತ್ರ ಜೀವಂತವಾಗಿಯೇ ಇದೆ. ಬೀಥೋವನ್‌ನ ಅಪಾಸಿಯೊನಾಟಾ ಕೇಳಿ, ಇಷ್ಟು ಚೆಂದದ ಸಂಗೀತ ಪದೇ ಪದೇ ಕೇಳಲಾರೆ, ಜನರ ತಲೆ ಸವರಬೇಕು ಅನ್ನಿಸಿಬಿಡುತ್ತದೆ, ಈಗ ತಲೆ ಸವರುವ ಕಾಲವಲ್ಲ ಎನ್ನುವ ಲೆನಿನ್‌ನನ್ನು ಮರೆಯಲು ಆಗುವುದಿಲ್ಲ. ಆದರೆ ಇದಕ್ಕೆ ಎರಡು ಪಾಠಗಳಿವೆ, ಅಂದರೆ ಒಂದೇ ಬರಹದ ಎರಡು ರೂಪ. 1924ರ ಮೊದಲ ಪಾಠದಲ್ಲಿ ಲೆನಿನ್ ಕ್ರಾಂತಿಯ ಇನ್ನೊಬ್ಬ ನಾಯಕ ಟ್ರಾಟ್‌ಸ್ಕಿಯನ್ನು ಸೈನ್ಯ ಕಟ್ಟಿದ್ದಕ್ಕಾಗಿ ಬಾಯ್ತುಂಬ ಹೊಗಳುತ್ತಾನೆ. 1930ರ ಹೊತ್ತಿಗೆ ಗಾರ್ಕಿ ಅದನ್ನು ತಿದ್ದಿ ಬರೆದಾಗ ಟ್ರಾಟ್‌ಸ್ಕಿ ಗಡಿಪಾರಾಗಿ ದೇಶದಿಂದಾಚೆ ಇದ್ದ. ಆಗ ಲೆನಿನ್ ಬಾಯಲ್ಲಿ ಹೊಸ ಮಾತು ಬಂತು: ನಮ್ಮ ಜೊತೆ ಇದ್ದಾನೆ, ಆದರೆ ನಮ್ಮವನಲ್ಲ. ಸತ್ತವನ ಮಾತು ಆರು ವರ್ಷದಲ್ಲಿ ಬೆಳೆಯಿತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಮೊದಲನೆಯದರ ಮೇಲೂ ಅನುಮಾನ ಬರುತ್ತದೆ, ನಷ್ಟ ಇರುವುದು ಅಲ್ಲಿ.

ಹಾಗಾದರೆ ಗಾರ್ಕಿಯ ಚಿತ್ರ ಬರೆದವರು ಯಾರು? ಕವಿ ಖೊದಸೇವಿಚ್. ಇಟಲಿಯ ಸೊರೆಂತೊದಲ್ಲಿ ಗಾರ್ಕಿಯ ಮನೆಯಲ್ಲೇ ಇದ್ದವನು. ಆಮೇಲೆ ದೂರವಾದ. 1939ರಲ್ಲಿ ಬ್ರಸೆಲ್ಸ್‌ನಲ್ಲಿ ಅಚ್ಚಾದ 'ನೆಕ್ರೊಪೊಲ್' ಅವನ ವ್ಯಕ್ತಿಚಿತ್ರಗಳ ಸಂಕಲನ. ಆ ಕಾಲದ ಕವಿಗಳಾದ ಬ್ರ್ಯೂಸೊವ್, ಬ್ಲೋಕ್, ಬೆಲಿ, ಯೆಸೆನಿನ್ ಎಲ್ಲ ಇದ್ದಾರೆ. ಕಣ್ಣಾರೆ ಕಂಡದ್ದು, ನೇರ ಸಾಕ್ಷಿ, ದಾಖಲೆ, ಇಷ್ಟರ ಮೇಲೆ ಮಾತ್ರ ನಿಂತಿದ್ದೇನೆ ಎಂದು ಮುನ್ನುಡಿಯಲ್ಲೇ ಹೇಳುತ್ತಾನೆ. ಅವನ ಗದ್ಯದಲ್ಲಿ ಒಂದು ಹನಿ ಎಣ್ಣೆ ಇಲ್ಲ. ಅವನ ಗಾರ್ಕಿ ಬೆಂಕಿಕಡ್ಡಿ ಗೀರಿದರೆ ಆರಿಸುವುದಿಲ್ಲ, ಉರಿಯುವ ಹಾಗೇ ಎಸೆಯುತ್ತಾನೆ. ಊಟವಾದ ಮೇಲೆ ಆ್ಯಶ್‌ಟ್ರೇಯಲ್ಲಿ ಸಿಗರೇಟಿನ ತುಂಡು, ಕಾಗದದ ಚೂರು ಸಾಕಷ್ಟು ಸೇರಿದ್ದು ನೋಡಿ, ಯಾರಿಗೂ ಕಾಣದ ಹಾಗೆ ಉರಿಯುವ ಕಡ್ಡಿಯೊಂದನ್ನು ಅದರೊಳಗೆ ತುರುಕಿ, ಉಳಿದವರ ಗಮನ ಬೇರೆ ಕಡೆ ತಿರುಗಿಸಿ, ಹೆಗಲ ಮೇಲಿಂದ ಕಳ್ಳನೋಟದಲ್ಲಿ ತನ್ನ ಪುಟ್ಟ ಬೆಂಕಿಯನ್ನು ನೋಡುತ್ತಾನೆ. ಕ್ರಾಂತಿಯ ಲೇಖಕ ಎಂದು ಜಗತ್ತೇ ಕರೆದವನ ಬಗ್ಗೆ ಈ ಸಂಗತಿ! ಖೊದಸೇವಿಚ್ ಇಲ್ಲಿ ಸಾಂಕೇತಿಕತೆ ಗೀಂಕೇತಿಕತೆ ಎಂದು ವಿವರಿಸಲು ಹೋಗುವುದಿಲ್ಲ. ಸತ್ಯಕ್ಕಿಂತ ಸಮಾಧಾನ ಕೊಡುವ ಸುಳ್ಳನ್ನು ಗಾರ್ಕಿ ಜಾಸ್ತಿ ಪ್ರೀತಿಸಿದ ಎನ್ನುವುದು ಆ ಚಿತ್ರದ ಮುಖ್ಯ ಮಾತು. ಅದನ್ನು ಓದಿದ ಮೇಲೆ ಲೆನಿನ್ ಪ್ರಸಂಗದ ಎರಡನೇ ಪಾಠ ಯಾಕೆ ಹಾಗಾಯಿತು ಎಂದು ಸ್ವಲ್ಪ ಅರ್ಥವಾಗುತ್ತದೆ.

ಇದಕ್ಕೆ ಪೂರಾ ವಿರುದ್ಧ ತುದಿಯಲ್ಲಿ ಕವಯಿತ್ರಿ ಮರೀನಾ ತ್ಸ್ವೆತಾಯೆವಾ ಇದ್ದಾಳೆ. ಕವಿ ವೊಲೊಶಿನ್ 1932ರಲ್ಲಿ ಸತ್ತಾಗ ಆಕೆ ಬರೆದ ನೀಳ ಚಿತ್ರದಲ್ಲಿ ಅವನು ಮನೆಗೆ ಹತ್ತಿದ ಬೆಂಕಿಯ ಎದುರು ನಿಂತು ಕೈ ಎತ್ತಿ ಏನೋ ಹೇಳುತ್ತಾನೆ, ಬೆಂಕಿ ಆರುತ್ತದೆ. ನಂಬುತ್ತೀರಾ? ಆಕೆ ನಂಬಿದ್ದಾಳೆ, ಓದುವಾಗ ನಾನೂ ನಂಬುತ್ತೇನೆ. ಎರಡೂ ದಾರಿ ಸರಿಯೇ. ಬರೆಯುವವರು ಹಿಡಿದ ದಾರಿ ಯಾವುದು ಎಂದು ಓದುಗನಿಗೆ ಮೊದಲ ಪುಟದಲ್ಲೇ ತಿಳಿಯಬೇಕು, ಅಷ್ಟೇ.

ಆಮೇಲಿನವರ ಬಗ್ಗೆ ಚುಟುಕಾಗಿ. ಚುಕೊವ್‌ಸ್ಕಿಯ 'ಸೊವ್ರೆಮೆನ್ನಿಕಿ' (ಸಮಕಾಲೀನರು) 1962ರದು, ಸೌಮ್ಯ, ಅಲ್ಲಲ್ಲಿ ತುಂಬಾ ಒಳ್ಳೆಯದು. ಕತಾಯೆವ್ 1978ರಲ್ಲಿ ಬುಲ್ಗಾಕೊವ್, ಮಯಕೊವ್‌ಸ್ಕಿ, ಒಲೇಶಾ ಮುಂತಾದ ತನ್ನ ಕಾಲದ ಲೇಖಕರಿಗೆಲ್ಲ ಅಡ್ಡಹೆಸರಿಟ್ಟು ಬರೆದು ಅನೇಕರ ಸಿಟ್ಟಿಗೆ ಗುರಿಯಾದ. ನನಗೂ ಅದು ಜಾಣತನದ ಭಾರಕ್ಕೆ ಬಾಗಿದ ಪುಸ್ತಕ ಅನ್ನಿಸುತ್ತದೆ. ದೊವ್ಲಾತೊವ್ ನ್ಯೂಯಾರ್ಕಿನಲ್ಲಿ ಕೂತು ಇಡೀ ಪ್ರಕಾರವನ್ನು ನಾಲ್ಕೈದು ಸಾಲಿನ ಹಾಸ್ಯಪ್ರಸಂಗಕ್ಕೆ ಇಳಿಸಿದ, 1988ರಲ್ಲಿ ಮರಿಯಾನಾ ವೋಲ್ಕೊವಾ ತೆಗೆದ ಫೋಟೋಗಳ ಜೊತೆ ಪುಸ್ತಕ ಮಾಡಿದ.

ಹೊಸದಾಗಿ ಓದುವವರು ಗಾರ್ಕಿ ಬರೆದ ಟಾಲ್‌ಸ್ಟಾಯ್‌ನಿಂದ ಶುರು ಮಾಡಿ. ಲೆನರ್ಡ್ ವುಲ್ಫ್ ಮತ್ತು ಕೊಟೆಲಿಯಾನ್‌ಸ್ಕಿ 1920ರಲ್ಲೇ ಮಾಡಿದ ಇಂಗ್ಲಿಷ್ ಅನುವಾದ ಇದೆ. ಅದು ಮುಗಿದ ತಕ್ಷಣ, ಬೇರೇನೂ ಓದದೇ, ಖೊದಸೇವಿಚ್ ಬರೆದ ಗಾರ್ಕಿಗೆ ಹೋಗಿ.